ಬೆಂಗಳೂರಿನಲ್ಲಿ ಕಡಲ ವಿಜ್ಞಾನ ಸಮ್ಮೇಳನ: ಸಂಜೆ ಕೂಟ, ಔತಣ, ಪ್ರವಾಸ ಹೊಂದಿಸುವ ಬಗೆ

ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಇಲ್ಲಿಂದ ಮಂಗಳೂರಿಗೂ ಚೆನ್ನೈಗೂ ಹೆಚ್ಚುಕಡಿಮೆ 350 ಕಿಲೋಮೀಟರ್. ಹಾಗಿದ್ದೂ ಕಡಲ ವಿಜ್ಞಾನಿಗಳು ಇಲ್ಲಿ ಸೇರುವುದಕ್ಕೆ ಕಾರಣಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನಗಳ ಕೇಂದ್ರವಿದೆ. 1999ರಿಂದ ಓಷನ್‌ಸ್ಯಾಟ್ ಉಪಗ್ರಹಗಳನ್ನು ಹಾರಿಸುತ್ತಿರುವ ಇಸ್ರೋದ ಮುಖ್ಯಾಲಯವೂ ಇಲ್ಲೇ ಇದೆ. ಹಗಲಿನ ಉಪನ್ಯಾಸಗಳಿಗೆ ತೊಂದರೆಯಿಲ್ಲ. ತಲೆಬಿಸಿ ಶುರುವಾಗುವುದು ಸಂಜೆಗಳದ್ದು, ಪ್ರವಾಸದ ದಿನದ್ದು.

ಸಮಿತಿಗಳು ಸಾಮಾನ್ಯವಾಗಿ ಮಾಡುವ ಎಡವಟ್ಟು ಎಂದರೆ ಇಲ್ಲದ ಕಡಲನ್ನು ನಟಿಸುವುದು. ಥರ್ಮೋಕೋಲಿನ ತಿಮಿಂಗಿಲ, ನೀಲಿ ದೀಪ, ಹೋಟೆಲಿನ ಮೀನಿನ ತೊಟ್ಟಿ. ವರ್ಷದ ಅರ್ಧ ಭಾಗ ಹಡಗಿನಲ್ಲೇ ಕಳೆಯುವವರಿಗೆ ಇದನ್ನೆಲ್ಲ ತೋರಿಸಿ ಪ್ರಯೋಜನವಿಲ್ಲ, ಅದರಲ್ಲೂ ಥರ್ಮೋಕೋಲ್! ಈ ಊರು ಕಡಲಿಗೆ ಏನು ಕಳಿಸುತ್ತದೆ, ಯಾವ ದಾರಿಯಲ್ಲಿ ಕಳಿಸುತ್ತದೆ ಎಂದು ತೋರಿಸಿದರೆ ಅವರು ಬಸ್ಸಿನಲ್ಲೇ ವಾದಕ್ಕಿಳಿಯುತ್ತಾರೆ. ನಿಜವಾದ ಕರಾವಳಿಯನ್ನು ಸಮ್ಮೇಳನ ಮುಗಿದ ಮೇಲೆ, ಕನಿಷ್ಠ ಎರಡು ರಾತ್ರಿಯ ಪ್ರವಾಸವಾಗಿ ಇಡಿ. ನಡುವಿನ ಒಂದು ದಿನದಲ್ಲಿ ಮಲ್ಪೆಗೆ ಹೋಗಿಬರುವ ಯೋಜನೆ ಕಾಗದದ ಮೇಲೆ ಮಾತ್ರ ನಡೆಯುತ್ತದೆ.

ಮುಂದಿನ ಲೆಕ್ಕಗಳೆಲ್ಲ 200 ಜನರ, ನಾಲ್ಕು ದಿನದ ಸಮ್ಮೇಳನಕ್ಕೆ.

ದಿನಾಂಕ ಗೊತ್ತುಮಾಡುವ ಮೊದಲು

ಸಭಾಂಗಣ ಸಿಕ್ಕಿತೆಂದು ಜೂನ್, ಜುಲೈ ಹಿಡಿಯಬೇಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬಂದರು ಖಾಲಿ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ರಸ್ತೆ ಮತ್ತು ರೈಲು ಎರಡೂ ನಿಲ್ಲುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಮಳೆ. ಹುಲ್ಲುಹಾಸಿನ ಮೇಲೆ ಔತಣವಿಡುವುದಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ನಿಶ್ಚಿಂತೆ. ಆಗ ರಾತ್ರಿ ಚಳಿಯಿರುತ್ತದೆ, ಸ್ವೆಟರ್ ತನ್ನಿ ಎಂದು ಆಹ್ವಾನದಲ್ಲೇ ಬರೆಯಿರಿ. ಬೆಂಗಳೂರೆಂದರೆ ಬರೀ ಸೆಕೆ ಎಂದುಕೊಂಡು ಬರುವ ವಿದೇಶಿಯರು ಬಹಳ. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸು ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನವಿರುತ್ತದೆ, ಗುಂಪು ಕರೆದೊಯ್ಯಲಾಗದು. ದಸರಾ ವಾರ ಮೈಸೂರು ದಿಕ್ಕಿನ ಪ್ರವಾಸ ಬೇಡ.

ಕಾಗದಪತ್ರ: ಬೇಸರದ ಭಾಗ, ಆದರೆ ಬಿಡುವಂತಿಲ್ಲ

ವಿದೇಶಿ ಪ್ರತಿನಿಧಿಗಳು ಸಮ್ಮೇಳನ ವೀಸಾದಲ್ಲೇ ಬರಬೇಕು ಎಂದು ಮೊದಲ ಸುತ್ತೋಲೆಯಲ್ಲೇ ತಿಳಿಸಿ. ಅವರು ಉಳಿಯುವ ಹೋಟೆಲ್ ಅಥವಾ ಹೋಮ್‌ಸ್ಟೇ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಕರಾವಳಿಯ ಚಿಕ್ಕ ಹೋಮ್‌ಸ್ಟೇಗಳಲ್ಲಿ ಕೆಲವಕ್ಕೆ ಇದರ ವ್ಯವಸ್ಥೆಯೇ ಇರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲಲ್ಲಿ ನಿಂತು ತಿಳಿಯುವ ಬದಲು ಮುಂಗಡ ಕೊಡುವಾಗಲೇ ಕೇಳಿ.

ಕಡಲಿನವರಿಗೆ ಮಾತ್ರ ಸಂಬಂಧಿಸಿದ ಒಂದು ಎಚ್ಚರಿಕೆ ಇದೆ. ಸಂಶೋಧನಾ ಹಡಗಿನಿಂದ ನೇರ ಬರುವವರ ಚೀಲದಲ್ಲಿ ಉಪಗ್ರಹ ಫೋನು ಇರುವುದು ಮಾಮೂಲು. ಸರ್ಕಾರದ ಅನುಮತಿಯಿಲ್ಲದೆ ತುರಾಯಾ, ಇರೀಡಿಯಂ ಫೋನುಗಳನ್ನು ಭಾರತಕ್ಕೆ ತರುವಂತಿಲ್ಲ. ಗಾರ್ಮಿನ್ ಇನ್‌ರೀಚ್‌ನಂಥ ಪುಟ್ಟ ಸಂದೇಶ ಉಪಕರಣ ಹಿಡಿದುಕೊಂಡು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ವಿದೇಶಿ ಪ್ರವಾಸಿಗರಿದ್ದಾರೆ. ಮನೆಯಲ್ಲೇ ಬಿಟ್ಟು ಬನ್ನಿ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಡ್ರೋನ್‌ಗೂ ಇದೇ ಮಾತು.

ಇಸ್ರೋ ಕೇಂದ್ರಗಳ ಭೇಟಿಯನ್ನು ಲಿಖಿತ ಅನುಮತಿ ಕೈಗೆ ಬರುವವರೆಗೆ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚು ಹಾಕಿಸಬೇಡಿ. ವಿದೇಶಿಯರ ಹೆಸರು, ಪಾಸ್‌ಪೋರ್ಟ್ ವಿವರ ವಾರಗಟ್ಟಲೆ ಮುಂಚೆ ಹೋಗಬೇಕಾಗುತ್ತದೆ, ಕೊನೆಗೆ ಇಲ್ಲ ಎಂಬ ಉತ್ತರವೂ ಬರಬಹುದು.

ಮೊದಲ ಸಂಜೆ

ನೋಂದಣಿಯ ದಿನ ಸಂಜೆ 6ರಿಂದ 8. ಅಷ್ಟು ಸಾಕು. ವಿಮಾನದಲ್ಲಿ ರಾತ್ರಿ ಕಳೆದವರು ಎಂಟೂವರೆಯ ನಂತರ ನಿಂತಲ್ಲೇ ತೂಗುತ್ತಾರೆ. ಭಾಷಣ ಐದು ನಿಮಿಷಕ್ಕೆ ಮುಗಿಯಲಿ. ಕುರ್ಚಿ ಕಡಿಮೆ ಹಾಕಿ, ಎತ್ತರದ ಮೇಜು ಹೆಚ್ಚು ಹಾಕಿ. ಎಲ್ಲರಿಗೂ ಕುರ್ಚಿ ಸಿಕ್ಕರೆ ಒಂದೇ ಪ್ರಯೋಗಾಲಯದವರು ಒಂದೇ ಕಡೆ ಕೂತುಬಿಡುತ್ತಾರೆ, ಕೂಟದ ಉದ್ದೇಶವೇ ಹಾಳು. ಮಿರ್ಚಿ ಬಜ್ಜಿ, ಪಡ್ಡು, ಮದ್ದೂರು ವಡೆ, ಫಿಲ್ಟರ್ ಕಾಫಿ, ನಿಂಬೆ ಶರಬತ್ತು. ತಲಾ ಐದಾರು ತುಂಡಿನ ಲೆಕ್ಕ ಹಿಡಿಯಿರಿ. ಇದು ಊಟವಲ್ಲ ಎಂದು ಆಹ್ವಾನದಲ್ಲಿ ಸ್ಪಷ್ಟವಿರಲಿ, ಇಲ್ಲದಿದ್ದರೆ ಒಂಬತ್ತಕ್ಕೆ ಹಸಿದ ಇನ್ನೂರು ಜನ ಹೊರಗೆ ಆಟೊ ಹುಡುಕುತ್ತಾರೆ.

ಬಾಟಲಿ ನೀರು ಇಡಲೇಬೇಡಿ. ಮೈಕ್ರೋಪ್ಲಾಸ್ಟಿಕ್ ಬಗ್ಗೆ ಪ್ರಬಂಧ ಓದಲು ಬಂದವರ ಕೈಗೆ 200 ಮಿಲಿಲೀಟರ್ ಬಾಟಲಿ ಕೊಟ್ಟರೆ ಮರುದಿನದ ಮೊದಲ ಸ್ಲೈಡೇ ಅದರ ಫೋಟೊ ಆಗುತ್ತದೆ. ತಲಾ ಮುಕ್ಕಾಲು ಲೀಟರ್ ಎಂದರೆ 150 ಲೀಟರ್, ಅಂದರೆ 20 ಲೀಟರಿನ ಎಂಟು ಕ್ಯಾನು, ಸ್ಟೀಲ್ ಲೋಟ, ತೊಳೆಯುವುದಕ್ಕೆ ಇಬ್ಬರು. ತಟ್ಟೆ ಅಡಿಕೆ ಹಾಳೆಯದ್ದಾಗಲಿ.

ಅರ್ಧ ದಿನ: ಬಂಡೆ, ಅಥವಾ ಕೆರೆ

ಅರ್ಧ ದಿನದ ಪ್ರವಾಸವನ್ನು ಮಧ್ಯಾಹ್ನಕ್ಕೆ ಇಡುವುದು ವಾಡಿಕೆ. ಬೆಂಗಳೂರಿನಲ್ಲಿ ಅದು ನಡೆಯದು. ನಾಲ್ಕೂವರೆಗೆ ಹೊರಟ ಬಸ್ಸು ಏಳಕ್ಕೂ ಹೋಟೆಲ್ ಸೇರುವುದಿಲ್ಲ. ಬೆಳಗ್ಗೆ 6ರಿಂದ 9.30ರವರೆಗೆ ಇಟ್ಟುಕೊಂಡು, ಆ ದಿನದ ಗೋಷ್ಠಿಯನ್ನು 10.30ಕ್ಕೆ ಶುರುಮಾಡಿ.

ಲಾಲ್‌ಬಾಗ್‌ಗೆ ಬಸ್ಸೇ ಬೇಡ. ಹಸಿರು ಮಾರ್ಗದ ಮೆಟ್ರೊ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಸುತ್ತದೆ. ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಪೆನಿನ್ಸುಲಾರ್ ನೈಸ್ ಎಂಬ ರೂಪಾಂತರ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಇಂದಿನ ಸಾಗರ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದೇ ಅಪರೂಪ, ಹಾಗಾಗಿ ಕಡಲ ಭೂವಿಜ್ಞಾನಿಗಳು ಇದರ ಮೇಲೆ ನಿಂತು ಬೇಗ ಇಳಿಯುವುದಿಲ್ಲ. ಮಳೆ ಬಂದಿದ್ದರೆ ಇಳಿಜಾರು ಜಾರುತ್ತದೆ. ಲೆದರ್ ಸೋಲಿನ ಶೂ ಹಾಕಿದವರನ್ನು ಕೆಳಗೇ ನಿಲ್ಲಿಸಿ.

ಸೂಕ್ಷ್ಮಜೀವಿ, ಪೋಷಕಾಂಶದ ಮೇಲೆ ಕೆಲಸ ಮಾಡುವವರಿಗೆ ಜಕ್ಕೂರು ಕೆರೆ ಒಳ್ಳೆಯದು. ಒಳಚರಂಡಿ ನೀರು ಶುದ್ಧೀಕರಣ ಘಟಕದಿಂದ ಹೊರಬಂದು, ಆಪು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುವ ದಾರಿಯನ್ನು ಒಂದೇ ನಡಿಗೆಯಲ್ಲಿ ನೋಡಬಹುದು. ಪೆಲಿಕನ್‌ಗಳು ಇದ್ದರೆ ಅದು ಲಾಭ.

ಇಡೀ ದಿನ: ಬಸವನ ಪಾದದಿಂದ ಸಂಗಮಕ್ಕೆ

ಒಂದೇ ಪ್ರವಾಸಕ್ಕೆ ಹಣ ಇದ್ದರೆ ಇದನ್ನು ಮಾಡಿ. ಬೆಂಗಳೂರಿನ ಕುಡಿಯುವ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯ ಕಡೆಯಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಾಗಿ ಬರುವ ಕಾವೇರಿ. ಬಳಸಿದ ನೀರು ಎರಡು ಕಡೆ ಇಳಿಯುತ್ತದೆ. ಪೂರ್ವದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ. ಪಶ್ಚಿಮದ್ದು ವೃಷಭಾವತಿ, ಅರ್ಕಾವತಿ, ಮತ್ತೆ ಕಾವೇರಿ. ಎರಡನೆಯ ದಾರಿಯನ್ನು ಒಂದು ದಿನದಲ್ಲಿ ಹಿಂಬಾಲಿಸಬಹುದು.

ಬೆಳಗ್ಗೆ 6.30ಕ್ಕೆ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ. ಬಸವನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆಂಬುದು ಊರಿನ ನಂಬಿಕೆ. ಇಲ್ಲಿಗೆ 45 ಸೀಟಿನ ಬಸ್ಸು ತಂದರೆ ತಿರುಗಿಸುವುದಕ್ಕೇ ಕಾಲು ಗಂಟೆ ಹೋಗುತ್ತದೆ, 20-25 ಸೀಟಿನ ಮಿನಿ ಬಸ್ಸು ಎರಡು ಇರಲಿ. 7.15ಕ್ಕೆ ಹೊರಟು ಮೈಸೂರು ರಸ್ತೆ ಹಿಡಿದರೆ ಗಾಳಿ ಆಂಜನೇಯ ಗುಡಿಯಿಂದ ಮುಂದೆ ಹೊಳೆ ರಸ್ತೆಯ ಪಕ್ಕದಲ್ಲೇ ಕಪ್ಪಗೆ ಹರಿಯುತ್ತದೆ. ಬಿಡದಿಯಲ್ಲಿ ತಟ್ಟೆ ಇಡ್ಲಿ. ಎಕ್ಸ್‌ಪ್ರೆಸ್‌ವೇ ಬಿಡದಿಯನ್ನು ಬೈಪಾಸ್ ಮಾಡುತ್ತದೆ, ಸರ್ವಿಸ್ ರಸ್ತೆಗೆ ಇಳಿಯಬೇಕೆಂದು ಚಾಲಕರಿಗೆ ಮೊದಲೇ ಹೇಳಿರಬೇಕು. ಒಮ್ಮೆ ತಪ್ಪಿದರೆ ಮುಂದಿನ ಇಳಿಜಾರಿನವರೆಗೆ ತಿರುಗುವಂತಿಲ್ಲ. 9.30ಕ್ಕೆ ಬೈರಮಂಗಲ ಜಲಾಶಯ. ಅಲ್ಲಿಂದ ಹಾರೋಹಳ್ಳಿ, ಕನಕಪುರದ ಮೇಲೆ ಮಧ್ಯಾಹ್ನ 12.30ರ ಹೊತ್ತಿಗೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ. ಊಟ ಕಟ್ಟಿಕೊಂಡೇ ಹೋಗಿ. 2.30ಕ್ಕೆ ಹೊರಟರೆ ಕತ್ತಲಾಗುವ ಮೊದಲು ಊರು. ಮೇಕೆದಾಟಿನವರೆಗೆ ಹೋಗೋಣ ಎಂದು ಯಾರಾದರೂ ಹಟ ಹಿಡಿಯುತ್ತಾರೆ. ಸಮಯವಿದ್ದರೂ ನೀರಿಗೆ ಇಳಿಯಲು ಬಿಡಬೇಡಿ: ಕಲ್ಲಿನಲ್ಲಿ ನೀರೇ ಕೊರೆದ ಗುಂಡಿಗಳಿವೆ, ಮೇಲಿನಿಂದ ಶಾಂತವಾಗಿ ಕಂಡರೂ ಒಳಗೆ ಸೆಳೆತ. ಸಮುದ್ರದಲ್ಲಿ ಈಜಿದವರಿಗೆ ಈ ಬಗ್ಗೆ ಅತಿ ವಿಶ್ವಾಸ ಜಾಸ್ತಿ.

ಈ ದಿನಕ್ಕೆ ಜೀವ ಬರುವುದು ಅಳತೆಯಿಂದ. ಪ್ರತಿ ನಿಲುಗಡೆಯಲ್ಲಿ ಉಷ್ಣತೆ, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ, ಪಿಎಚ್ ನಾಲ್ಕನ್ನೂ ಅಳೆದು ಹಲಗೆಯ ಮೇಲೆ ಬರೆಸಿ. ಕಡಲಿನವರು ತರುವ ವಾಹಕತೆ ಮೀಟರ್ ಸಮುದ್ರದ ನೀರಿನ ಮಟ್ಟಕ್ಕೆ ಹೊಂದಿಸಿರುತ್ತದೆ. ಇಲ್ಲಿ ಅದನ್ನು ಹಾಗೇ ಅದ್ದಿದರೆ ಬರುವ ಅಂಕಿಯನ್ನು ನಂಬುವಂತಿಲ್ಲ. ಪ್ರತಿ ಸೆಂಟಿಮೀಟರಿಗೆ 1413 ಮೈಕ್ರೋಸೀಮೆನ್ಸ್‌ನ ಪ್ರಮಾಣ ದ್ರಾವಣ ಅರ್ಧ ಲೀಟರ್ ತಂದು ಬೆಳಗ್ಗೆಯೇ ಸರಿಹೊಂದಿಸಿ. ಹೋಲಿಕೆಗೆ ಹೋಟೆಲಿನ ನಲ್ಲಿಯ ಕಾವೇರಿ ನೀರು ಒಂದು ಲೀಟರ್ ಕಟ್ಟಿಕೊಳ್ಳಿ. ಟ್ಯಾಂಕರ್ ನೀರೋ ಕಾವೇರಿಯೋ ಎಂದು ಮೊದಲು ವಿಚಾರಿಸಿ, ಬೋರ್‌ವೆಲ್ ನೀರಾದರೆ ಲೆಕ್ಕವೇ ತಲೆಕೆಳಗು. ಹೊಳೆಯ ನೀರು ಕೊಳಚೆ: ಹಗ್ಗ ಕಟ್ಟಿದ ಬಕೆಟ್ಟು, ನೈಟ್ರೈಲ್ ಕೈಗವಸು, ಐದು ಲೀಟರ್ ತೊಳೆಯುವ ನೀರು, ಸೋಪು. ಮಾದರಿಯನ್ನು ಅಳತೆಯಾದ ಮೇಲೆ ಅಲ್ಲೇ ಚೆಲ್ಲಿಸಿ. ವಿದೇಶಿಯರು ಇಲ್ಲಿನ ಜೀವಿಗಳನ್ನು, ಸೂಕ್ಷ್ಮಜೀವಿಯೂ ಸೇರಿ, ಸಂಶೋಧನೆಗೆ ಪಡೆಯಲು ಜೈವಿಕ ವೈವಿಧ್ಯ ಕಾಯ್ದೆ, 2002ರ ಪ್ರಕಾರ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು. ಒಂದು ಚಿಕ್ಕ ಸೀಸೆ ಜೇಬಿಗೆ ಹೋದರೂ ಹೊಣೆ ನಿಮ್ಮದು.

ಸಂಗಮದಲ್ಲಿ ಬಂಗಾಳ ಕೊಲ್ಲಿಯ ಕಥೆ ಮುಗಿಯಿತು ಎಂದು ಹೇಳಿಬಿಡಬೇಡಿ. ಮುಂದೆ ಮೆಟ್ಟೂರು ಅಣೆಕಟ್ಟೆ ಇದೆ, ಆಮೇಲೆ ತಂಜಾವೂರಿನ ಗದ್ದೆಗಳಿವೆ. ಬೆಂಗಳೂರಿನ ರಂಜಕ ಎಷ್ಟು ಕಡಲು ಮುಟ್ಟುತ್ತದೆ ಎಂಬುದು ಬಸ್ಸಿನ ವಾಪಸ್ ದಾರಿಯ ಚರ್ಚೆಗೆ ಸಾಕು.

ಹಕ್ಕಿ ನೋಡಬೇಕೆಂಬವರಿಗೆ ರಂಗನತಿಟ್ಟು, ಸುಮಾರು 125 ಕಿಲೋಮೀಟರ್. 1940ರಲ್ಲಿ ಸಲೀಂ ಅಲಿ ಅವರ ಒತ್ತಾಸೆಯಿಂದ ಧಾಮವಾಯಿತು, 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಹೊರಡುವ ಹಿಂದಿನ ಸಂಜೆ ಫೋನ್ ಮಾಡಿ ಕೇಳದೆ ಬಸ್ಸು ಬಿಡಬೇಡಿ.

ಯಾವ ಪ್ರವಾಸಕ್ಕೂ ಪೂರ್ತಿ ಉಚಿತ ಎನ್ನಬೇಡಿ. ಉಚಿತ ಎಂದರೆ ಐವರಲ್ಲಿ ಒಬ್ಬರು ಕೈಕೊಡುತ್ತಾರೆಂದೇ ಲೆಕ್ಕ. 300 ರೂಪಾಯಿ ಠೇವಣಿ ಇಟ್ಟುಕೊಂಡು ಬಸ್ಸು ಹತ್ತಿದಾಗ ಮರಳಿಸಿ, ಹಾಜರಿ ತಾನಾಗಿ ಸರಿಯಾಗುತ್ತದೆ. ಬಸ್ಸಿಗೊಬ್ಬ ಕನ್ನಡ ಬಲ್ಲ ಸ್ವಯಂಸೇವಕ, ಅವನ ಕೈಯಲ್ಲಿ ಕಾಗದದ ಪಟ್ಟಿ. ಸಂಗಮದ ಕಡೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ.

ಔತಣದ ಮೀನು

ಸಮ್ಮೇಳನದ ಔತಣದಲ್ಲಿ ಮೀನು ಇಡಬೇಕೇ ಎಂಬ ಜಗಳ ಪ್ರತಿ ಸಮಿತಿಯಲ್ಲೂ ಆಗುತ್ತದೆ. ಇಡಿ, ಆದರೆ ಎಲ್ಲಿಯದು, ಯಾವುದು ಎಂದು ಫಲಕದಲ್ಲಿ ಬರೆಯಿರಿ. ಬಂಗುಡೆ, ಬೂತಾಯಿ ಬೇಗ ಬೆಳೆದು ಬೇಗ ಮರಿ ಮಾಡುವ ಮೀನುಗಳು. ಅಂಜಲ್‌ನದು ಚೂರು ಬೇಕು ಎನ್ನುವವರಿರುತ್ತಾರೆ. ಶಾರ್ಕ್, ತೊರಕೆ ಬೇಡವೇ ಬೇಡ. ಅಂಗೈಗಿಂತ ಚಿಕ್ಕ ಮರಿಮೀನು ಬಂದರೆ ವಾಪಸ್ ಕಳಿಸಿ, ತಟ್ಟೆಯ ಮೀನಿನ ಉದ್ದ ಅಳೆಯುವ ಅತಿಥಿಗಳು ಇವರು.

ಋತುವಿನ ವಿಷಯ ಮತ್ತೊಮ್ಮೆ: ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ದೊಡ್ಡ ದೋಣಿಗಳಿಲ್ಲ. ಆ ಹೊತ್ತಿನಲ್ಲಿ ಕ್ಯಾಟರರ್ 'ತಾಜಾ ಅಂಜಲ್' ಎಂದರೆ ಅದು ಬಹುಮಟ್ಟಿಗೆ ಶೀತಲಗೃಹದ್ದು. ಆಗ ಕಾಟ್ಲಾ, ರೋಹು ಇಟ್ಟು ಕೆರೆ ಮೀನು ಎಂದು ಬರೆಯುವುದೇ ಮರ್ಯಾದೆ.

200ರಲ್ಲಿ 120 ಜನ ಮೀನು ತಿನ್ನುವವರೆಂದು ಇಟ್ಟುಕೊಳ್ಳಿ, ನಿಖರ ಸಂಖ್ಯೆಯನ್ನು ನೋಂದಣಿಯಲ್ಲೇ ಕೇಳಿ. ರವೆ ಫ್ರೈಗೆ ಕಿಲೋಗೆ ಐದಾರು ತೂಗುವ ಬಂಗುಡೆ ತಲಾ ಒಂದು, ಮೇಲೆ ಹದಿನೈದು: ಒಟ್ಟು 25 ಕಿಲೋ. ಗಸಿಗೆ ಅಂಜಲ್ ಶುದ್ಧ ಮಾಡಿದ್ದು ತಲಾ 100 ಗ್ರಾಂ, ಒಟ್ಟು 12 ಕಿಲೋ. ತಲೆ, ಕರುಳು ಕಳೆದರೆ ಕಾಲು ಭಾಗಕ್ಕಿಂತ ಹೆಚ್ಚು ಹೋಗುವುದರಿಂದ ಇಡೀ ಮೀನು 17 ಕಿಲೋ ಕೊಳ್ಳಬೇಕು.

ನಿಜವಾದ ಅಪಾಯ ಹಿಸ್ಟಮಿನ್. ಬಂಗುಡೆ, ಅಂಜಲ್, ಕೇದರ (ಟ್ಯೂನಾ) ಇವು ಕರಾವಳಿಯಿಂದ ರಾತ್ರಿ ಲಾರಿಯಲ್ಲಿ ಬರುವಾಗ ಬಿಸಿಯಾದರೆ ಬ್ಯಾಕ್ಟೀರಿಯಾ ಹಿಸ್ಟಮಿನ್ ಮಾಡುತ್ತವೆ. ಎಷ್ಟು ಕರಿದರೂ ಕುದಿಸಿದರೂ ಅದು ನಾಶವಾಗದು. ತಿಂದ ಗಂಟೆಯೊಳಗೆ ಮುಖ ಕೆಂಪಾಗಿ, ತಲೆನೋವು, ತುರಿಕೆ. ಅಲರ್ಜಿ ಎಂದುಕೊಂಡು ಕೈಬಿಡುವವರೇ ಹೆಚ್ಚು. ಮೀನಿನಷ್ಟೇ ತೂಕದ ಐಸ್ ಇದೆಯೇ ನೋಡಿ, ಡಬ್ಬಿ ತೆರೆದಾಗ ಮೀನಿನ ಒಳಮೈ ಉಷ್ಣತೆಯನ್ನು ಥರ್ಮಾಮೀಟರ್ ಚುಚ್ಚಿ ಅಳೆಯಿರಿ. 4 ಡಿಗ್ರಿಗಿಂತ ಮೇಲಿದ್ದರೆ ಮುಲಾಜಿಲ್ಲದೆ ವಾಪಸ್. ಸಿಗಡಿ, ಏಡಿ ಇಟ್ಟರೆ ಅದಕ್ಕೆ ಬೇರೆ ಎಣ್ಣೆ, ಬೇರೆ ಸೌಟು.

ನೀರು ದೋಸೆ ಇಡುವ ಆಸೆ ಎಲ್ಲರಿಗೂ. ಒಂದು ಕಾವಲಿಯಲ್ಲಿ ಗಂಟೆಗೆ ನಲವತ್ತು ದೋಸೆ. ತಲಾ ಮೂರು ಎಂದರೆ 600, ಒಂದೂವರೆ ಗಂಟೆಯಲ್ಲಿ ಮುಗಿಯಬೇಕಾದರೆ ಹತ್ತು ಕಾವಲಿ ಬೇಕು. ಮುಂಚೆಯೇ ಹೊಯ್ದಿಟ್ಟರೆ ಒಂದಕ್ಕೊಂದು ಅಂಟಿ ಮುದ್ದೆ. ನಾಲ್ಕು ಕಾವಲಿ ಹಾಕಿ ತಲಾ ಒಂದು ಬಿಸಿ ದೋಸೆ ಕೊಡಿ. ಹೊಟ್ಟೆ ತುಂಬಿಸಲು ಕುಚಲಕ್ಕಿ ಅನ್ನ, ರೊಟ್ಟಿ, ಕೊಟ್ಟೆ ಕಡುಬು.

ಮದ್ಯ ಕೊಡುವುದಿದ್ದರೆ, ಪರವಾನಗಿಯಿರುವ ಹೋಟೆಲ್ ಅಲ್ಲದ ಜಾಗಕ್ಕೆ ಅಬಕಾರಿ ಇಲಾಖೆಯಿಂದ ಸಿಎಲ್-5 ಸಾಂದರ್ಭಿಕ ಪರವಾನಗಿ ಬೇಕು. ಅಕ್ಟೋಬರ್ 2, ಮತದಾನ ಮುಗಿಯುವವರೆಗಿನ 48 ಗಂಟೆ ಮುಂತಾದ ದಿನಗಳಲ್ಲಿ ಮಾರಾಟವೇ ಇಲ್ಲ.

ಯಕ್ಷಗಾನ, ಹತ್ತು ಗಂಟೆಯೊಳಗೆ

ಭರತನಾಟ್ಯದ ಇಪ್ಪತ್ತು ನಿಮಿಷದ ತುಣುಕನ್ನು ಎಲ್ಲ ಸಮ್ಮೇಳನಗಳಲ್ಲೂ ನೋಡಿರುತ್ತಾರೆ. ಕರಾವಳಿಯ ಯಕ್ಷಗಾನ ಇಡಿ, ಪ್ರಸಂಗ ಸಮುದ್ರ ಮಥನವಾದರೆ ಇನ್ನೂ ಲೇಸು: ಹಾಲಾಹಲ ಮೇಲೆದ್ದು ಬರುವ ಭಾಗಕ್ಕೆ ಕಡಲ ಮಾಲಿನ್ಯದವರಿಂದ ಚಪ್ಪಾಳೆ ಗ್ಯಾರಂಟಿ. 50 ನಿಮಿಷಕ್ಕೆ ಅಡಕ ಮಾಡಲು ಭಾಗವತರೊಂದಿಗೆ ಮೊದಲೇ ಕೂತು ಮಾತಾಡಿ, ಇಂಗ್ಲಿಷ್ ಸಾರಾಂಶ ಪರದೆಯ ಮೇಲೆ ಓಡಲಿ. ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕನ್ನಡಿ, ಒಳ್ಳೆಯ ಬೆಳಕಿರುವ ಕೋಣೆ ಎರಡು ಮೂರು ಗಂಟೆ ಮುಂಚೆಯೇ ಬೇಕು, ಬಣ್ಣ ಹಚ್ಚುವುದು ಅವಸರದ ಕೆಲಸವಲ್ಲ. ಚೌಕಿಯಲ್ಲಿ ಗಣಪತಿ ಪೂಜೆ ಇರುತ್ತದೆ. ಆರತಿಯ ಹೊಗೆಗೆ ಹೋಟೆಲಿನ ಅಲಾರಂ ಕೂಗದಂತೆ ನಿರ್ವಾಹಕರಿಗೆ ಹೇಳಿಡಿ. ಸಭಾಂಗಣದೊಳಗೆ ಚೆಂಡೆಗೆ ಮೈಕ್ ಬೇಡ, ಊಟದ ಮೇಜುಗಳು ವೇದಿಕೆಯಿಂದ ದೂರವಿರಲಿ. ಹೊರಗೆ ಆಡಿಸುವುದಾದರೆ ರಾತ್ರಿ 10ರ ನಂತರ ಧ್ವನಿವರ್ಧಕ ನಿಷಿದ್ಧ. ಆಟವನ್ನು ಏಳಕ್ಕೆ ಇಟ್ಟು, ಊಟ ಆಮೇಲೆ.

ಸಮ್ಮೇಳನದ ನಂತರ ಕರಾವಳಿ

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಿನ ಹೊತ್ತಿಗೆ ಉಡುಪಿ ಮುಟ್ಟಿಸುತ್ತದೆ. ಹದಿನೈದು ಜನರ ಗುಂಪು ಆದರ್ಶ, ಮೂವತ್ತು ಮೀರಿದರೆ ದೋಣಿಯೂ ಊಟವೂ ಕಷ್ಟ. ಮೊದಲ ಬೆಳಗು ಮಲ್ಪೆ ಬಂದರು: ಹರಾಜು ನೋಡಬೇಕಾದರೆ ಬೇಗ ಹೋಗಬೇಕು, ಕಾಲಿಗೆ ಜಾರದ ರಬ್ಬರ್ ಚಪ್ಪಲಿ ಇರಬೇಕು, ಕ್ರೇಟು ಹೊತ್ತು ಓಡುವವರ ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬಾರದು. ಆಮೇಲೆ ಸೇಂಟ್ ಮೇರೀಸ್. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದ ಲಾವಾ ತಣಿದು ಆದ ಕಂಬಗಳು. ನೆರಳು ಕಡಿಮೆ, ನೀರು ಹೊತ್ತೊಯ್ಯಿರಿ. ಮಂಗಳೂರಿನಿಂದ ವಾಪಸಾಗುವುದಿದ್ದರೆ 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜಿಗೆ ಅರ್ಧ ದಿನ ಇಡಬಹುದು.

ಡೈವಿಂಗ್ ಇಷ್ಟಪಡುವವರು ಮುರುಡೇಶ್ವರದ ಎದುರಿನ ನೇತ್ರಾಣಿ ಕೇಳುತ್ತಾರೆ. ಅಕ್ಟೋಬರ್‌ನಿಂದ ಮೇವರೆಗೆ, ಕಡಲು ಶಾಂತವಿದ್ದಾಗ ಆಗುತ್ತದೆ. ಯೋಜನೆ ಮಾಡುವವರು ಮರೆಯುವುದು ಘಾಟಿಯನ್ನು. ಡೈವ್ ಮಾಡಿದ ಮೈಯಲ್ಲಿ ಸಾರಜನಕ ಉಳಿದಿರುತ್ತದೆ, ಎತ್ತರಕ್ಕೆ ಏರಿದರೆ ಅದು ಗುಳ್ಳೆಯಾಗಿ ಸಂಧಿಗಳಿಗೆ, ನರಗಳಿಗೆ ಕುತ್ತು. ವಿಮಾನಕ್ಕೆ ಮುಂಚೆ ಒಂದೇ ಡೈವಿಗೆ 12 ಗಂಟೆ, ಹಲವು ಡೈವಿಗೆ 18 ಗಂಟೆ ಕಾಯಬೇಕೆಂಬ ನಿಯಮ ಎಲ್ಲ ಡೈವರಿಗೂ ಗೊತ್ತು. ಆ ನಿಯಮ ಅನ್ವಯವಾಗುವುದು ಸುಮಾರು 600 ಮೀಟರಿನಿಂದ ಮೇಲಕ್ಕೆ. ಬೆಂಗಳೂರೇ 920ರಲ್ಲಿದೆ, ಶಿರಾಡಿ ಹತ್ತಿದರೂ ಅಷ್ಟೇ. ಮಧ್ಯಾಹ್ನ ಡೈವ್ ಮುಗಿಸಿ ರಾತ್ರಿ ಬಸ್ಸು ಹತ್ತುವುದೆಂದರೆ ಆ ಮಟ್ಟಿಗೆ ವಿಮಾನ ಹತ್ತಿದ ಹಾಗೇ. ಡೈವನ್ನು ಮೊದಲ ದಿನಕ್ಕಿಟ್ಟು, ಕೊನೆಯ ಡೈವಿನಿಂದ ಪೂರ್ತಿ 24 ಗಂಟೆ ಕಡಲ ಮಟ್ಟದಲ್ಲೇ ಉಳಿಸಿ, ಬಂದರು ನೋಡುವುದನ್ನು ಆಮೇಲೆ ಇಟ್ಟುಕೊಳ್ಳಿ.

ಕಿನಾರೆಯಲ್ಲಿ ಚಿಪ್ಪು, ಹವಳದ ಚೂರು ಆರಿಸುವುದು ಕಡಲಿನವರ ಕೈಚಟ. ಹವಳ, ಕಡಲಕುದುರೆ, ಕಡಲಸೌತೆ, ಕೆಲವು ಜಾತಿಯ ಶಂಖ ಚಿಪ್ಪುಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ, ಸತ್ತು ಬಿದ್ದದ್ದೂ ಸೇರಿ. ನೆನಪಿನ ಕಾಣಿಕೆಯನ್ನು ನೀವೇ ಕೊಟ್ಟುಬಿಟ್ಟರೆ ಆ ತಂಟೆ ಅರ್ಧ ತಪ್ಪುತ್ತದೆ: ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಎರಡು ತಿಂಗಳು ಮುಂಚೆ ಚಿತ್ರ ಕೊಟ್ಟರೆ ಹಾಲೆ ಮರದಲ್ಲಿ ಅರಗಿನ ಬಣ್ಣದ ತಿಮಿಂಗಿಲ, ಆಮೆ ಕಡೆದು ಕೊಡುತ್ತಾರೆ. ಲೇತಿನಲ್ಲಿ ಕಡೆಯುವ ಕೆಲಸವಾದ್ದರಿಂದ ದುಂಡಗಿನ ಆಕಾರಗಳನ್ನೇ ಆರಿಸಿ, ನಕ್ಷತ್ರ ಮೀನು ಕೇಳಬೇಡಿ. ಇನ್ನೂರಕ್ಕೆ ಹತ್ತು ಹೆಚ್ಚಿಗೆ ಹೇಳಿ, ಸಾಗಣೆಯಲ್ಲಿ ಬಾಲ ಮುರಿಯುತ್ತವೆ.